ಪಾಲೋಮ ನಿಲ್ಲುತ್ತಿದ್ದ ತಿರುವು

ನಟ್ಟು ಜಪ್ಪಯ್ಯ ಅಂದರೂ ಅಲುಗಲಿಲ್ಲ. ಗಿಲ್ದಾರ್ದೊ ಲಾರಿಯ ಕೆಳಗೆ ಅಂಗಾತ ಮಲಗಿ, ಒಂದು ಕಾಲನ್ನು ಚಕ್ರಕ್ಕೆ ಒತ್ತಿ ಹಿಡಿದು, ಸ್ಪ್ಯಾನರನ್ನು ಎರಡೂ ಕೈಯಿಂದ ಎಳೆದ. ತುಕ್ಕಿನ ಪುಡಿ ಕಣ್ಣಿಗೆ ಬಿತ್ತೇ ಹೊರತು ಟ್ಯಾಂಕಿನಿಂದ ಇಳಿದ ಪೆಟ್ರೋಲ್ ಕೊಳವೆ ಜಾಗ ಬಿಡಲಿಲ್ಲ.

ರಸ್ತೆಯ ಆಚೆಬದಿಯ ಮನೆಯಲ್ಲಿ ಹೆಂಗಸರು ಜಪಮಾಲೆ ಹಿಡಿದು ಪ್ರಾರ್ಥನೆ ಹೇಳುತ್ತಿದ್ದರು. ಮುಂದಿನ ಕೋಣೆಯಲ್ಲಿ ನಾಲ್ಕು ಮೇಣದಬತ್ತಿಗಳ ನಡುವೆ ಲಾರಿಯ ಮಾಲೀಕ ಲಿಸಂದ್ರೊ ಮಲಗಿದ್ದ. ನಿನ್ನೆ ಮಧ್ಯಾಹ್ನ ಬೀನ್ಸ್ ಕಾಳಿನ ಸಾರು, ಹುರಿದ ಬಾಳೆಕಾಯಿ ಉಂಡು ತೂಗುಮಂಚದಲ್ಲಿ ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಬೆಟ್ಟದ ಮೇಲಿನ ಮೊಂತೆಫ್ರೀಯೊದಲ್ಲಿ, ಅವ್ವನ ಪಕ್ಕದಲ್ಲಿ ತನ್ನನ್ನು ಮಣ್ಣು ಮಾಡಬೇಕು ಎಂದು ಅವನು ಮೊದಲಿನಿಂದಲೂ ಹೇಳಿಕೊಂಡು ಬಂದಿದ್ದ. ಅಲ್ಲಿಗೆ ಅವನನ್ನು ಹೊತ್ತೊಯ್ಯಬೇಕಾದದ್ದು ಪಾಲೋಮ, ಅಂದರೆ ಪಾರಿವಾಳ. ಎಂಜಿನ್ನು ಅಮೆರಿಕದ್ದು, ಮರದ ಮೈ ಕೆಳಗಿನ ಈ ರೆಮಾನ್ಸೊ ಊರಿನ ಬಡಗಿಗಳದ್ದು. ಬಾಗಿಲಿಲ್ಲ, ಕಿಟಕಿಯಿಲ್ಲ, ಅಡ್ಡಡ್ಡ ಬೆಂಚುಗಳು, ನೆತ್ತಿಯ ಮೇಲೆ ಕಾಫಿ ಮೂಟೆ, ಬಾಳೆಗೊನೆ, ಕೋಳಿಬುಟ್ಟಿ. ವಯಸ್ಸಿನಲ್ಲಿ ಗಿಲ್ದಾರ್ದೊಗಿಂತಲೂ ದೊಡ್ಡದು.

"ಕೊಂಪಾದ್ರೆ."

ಲಾರಿಯ ಪಕ್ಕದಲ್ಲಿ ಎರಡು ಕಪ್ಪು ಶೂಗಳು ಬಂದು ನಿಂತಿದ್ದವು. ಲಿಸಂದ್ರೊನ ಹೆಂಡತಿ ಒಬ್ದುಲಿಯ. ಈಗ ಒಳಗೆ ಬಂದವರಿಗೆಲ್ಲ ಕಾಫಿ ಹಂಚುತ್ತಿದ್ದ ಅವರ ಮಗಳನ್ನು ದೀಕ್ಷಾಸ್ನಾನದ ದಿನ ಎತ್ತಿಕೊಂಡು ನಿಂತವನು ಗಿಲ್ದಾರ್ದೊ. ಅಂದಿನಿಂದ ಅವನು ಆ ಮನೆಗೆ ಕೊಂಪಾದ್ರೆ, ಅವಳು ಅವನಿಗೆ ಕೊಮಾದ್ರೆ. ರಕ್ತಸಂಬಂಧ ಹಳಸಿದರೂ ಇದು ಹಳಸುವುದಿಲ್ಲ ಎನ್ನುವುದು ಊರಿನ ಮಾತು.

"ಮಧ್ಯಾಹ್ನದೊಳಗೆ ಮುಗಿಯುತ್ತೆ, ಕೊಮಾದ್ರೆ," ಎಂದು ಅವನು ಮಲಗಿದಲ್ಲಿಂದಲೇ ಹೇಳಿದ.

"ಪಾದ್ರಿಗಳು ನಾಲ್ಕು ಗಂಟೆಗೆ ಮೊಂತೆಫ್ರೀಯೊ ಬಿಡ್ತಾರಂತೆ. ಬಿಟ್ರೆ ಮತ್ತೆ ಭಾನುವಾರವೇ ಬರೋದು."

"ಗೊತ್ತು."

"ನಾನು ಹೇಳೋಕೆ ಬಂದಿದ್ದು ಅದಲ್ಲ." ಒಬ್ದುಲಿಯ ಮಂಡಿ ಹಿಡಿದುಕೊಂಡು ಕುಕ್ಕರಿಸಿದಳು. ಅತ್ತು ಅತ್ತು ಕಣ್ಣು ಊದಿದ್ದವು, ದನಿ ಮಾತ್ರ ಗಟ್ಟಿಯಾಗಿತ್ತು. "ನೀರಿನ ತಿರುವಲ್ಲಿ ಲಾರಿ ನಿಲ್ಲಬಾರದು. ಆ ಎವೇಲಿಯೊ ಅಂಗಳದ ಮುಂದೆ ನನ್ ಗಂಡನ ಪೆಟ್ಟಿಗೆ ಒಂದು ಕ್ಷಣಾನೂ ನಿಲ್ಲಬಾರದು. ಇವರು ಬದುಕಿರೋವರ್ಗೂ ಆ ಮನುಷ್ಯನ ಕಣ್ಣು ಬಿದ್ದೂ ಬಿದ್ದೂ ಗಾಡಿ ದಿನಾ ಕೆಟ್ಟು ನಿಲ್ತಿತ್ತು. ಸತ್ತ ಮೇಲಾದ್ರೂ ಬಿಡ್ಲಿ. ಮಾತು ಕೊಡಿ."

"ಈ ಹೊಸ ಪಂಪು ಹಾಕಿದ ಮೇಲೆ ಎಲ್ಲೂ ನಿಲ್ಲಲ್ಲ. ಮಾತು ಕೊಟ್ಟೆ."

ಶೂಗಳು ಹಿಂದಿರುಗಿ ರಸ್ತೆ ದಾಟಿದವು. ಕೆಳಗಿನಿಂದ ಆಗುವ ಕೆಲಸವಲ್ಲ ಇದು ಎಂದುಕೊಂಡು ಗಿಲ್ದಾರ್ದೊ ಹೊರಗೆ ತೆವಳಿ ಬಂದ. ಟ್ಯಾಂಕು ಇದ್ದದ್ದು ಡ್ರೈವರಿನ ಸೀಟಿನ ಅಡಿಯಲ್ಲಿ. ಆ ಸೀಟಿನ ಹಲಗೆಯನ್ನು ಅವನು ಈವರೆಗೆ ಎತ್ತಿದವನಲ್ಲ. "ಬಾನೆಟ್ ಕೆಳಗಿಂದು ನಿಂದು, ಸೀಟಿನ ಕೆಳಗಿಂದು ನಂದು," ಎಂದು ಲಿಸಂದ್ರೊ ಮೊದಲ ದಿನವೇ ಗಡಿ ಹಾಕಿಬಿಟ್ಟಿದ್ದ. ಟ್ಯಾಂಕು ತೊಳೆಯುವುದು, ಕೊಳವೆ ಊದುವುದು ಎಲ್ಲ ಅವನದೇ. ಡ್ರೈವರುಗಳಿಗೆ ಇಂಥ ಹುಚ್ಚು ಇದ್ದದ್ದೇ ಎಂದು ಗಿಲ್ದಾರ್ದೊ ತಲೆ ಕೆಡಿಸಿಕೊಂಡಿರಲಿಲ್ಲ.

ನಾಲ್ಕು ತಿರುಪು ಬಿಚ್ಚಿ ಹಲಗೆ ಎತ್ತಿದ. ಟ್ಯಾಂಕಿನ ಬಾಯಿ ಕಾಣಿಸಿತು. ಅದರ ಪಕ್ಕದಲ್ಲಿ, ಕೊಳವೆಯ ನಡುವೆ, ಒಂದು ಸಣ್ಣ ಹಿತ್ತಾಳೆಯ ನಲ್ಲಿ.

ಸುತ್ತಲಿನದೆಲ್ಲ ಧೂಳು, ಎಣ್ಣೆ ಜಿಡ್ಡು. ನಲ್ಲಿಯ ಕಿವಿ ಮಾತ್ರ ಥಳಥಳ ಹೊಳೆಯುತ್ತಿತ್ತು. ದಿನಾ ಬೆರಳಾಡಿದ ಲೋಹಕ್ಕೆ ಮಾತ್ರ ಬರುವ ಹೊಳಪು ಅದು. ಗಿಲ್ದಾರ್ದೊನಿಗೆ ಹಸಿವು ಕೆಟ್ಟರೂ ಕುತೂಹಲ ಕೆಡುವುದಿಲ್ಲ. ಎಂಜಿನ್ನು ನಿಲ್ಲಿಸಿ ಇಡುವವರು ಪೆಟ್ರೋಲು ಕಟ್ಟಲು ನಲ್ಲಿ ಹಾಕಿಸಿಕೊಳ್ಳುವುದುಂಟು, ಆದರೆ ರಾತ್ರಿ ಒಂದು ಸಲ ಮುಟ್ಟಿ ಬಿಡುವ ನಲ್ಲಿ ಸೀಟಿನ ಎಡಗಡೆಯ ಸಂದಿನಲ್ಲಿ, ಕೂತಲ್ಲಿಂದ ಕೈ ಇಳಿಬಿಟ್ಟರೆ ಸಿಗುವ ಹಾಗೆ ಯಾಕೆ ಇರಬೇಕು?

ಹಲಗೆಯನ್ನು ಮತ್ತೆ ಮೇಲಿಟ್ಟು, ಸೀಟಿನಲ್ಲಿ ಕೂತು ಎಡಗೈ ಇಳಿಬಿಟ್ಟ. ಬೆರಳು ನೇರವಾಗಿ ನಲ್ಲಿಯ ಕಿವಿಗೆ ತಾಕಿತು.

*

ಪಾಲೋಮ ನೀರಿನ ತಿರುವಿನಲ್ಲಿ ನಿಲ್ಲುವುದು ಆ ಬೆಟ್ಟದ ಜನಕ್ಕೆ ಸೂರ್ಯ ಹುಟ್ಟಿದಷ್ಟೇ ಸಹಜವಾಗಿತ್ತು. ರೆಮಾನ್ಸೊದಿಂದ ಬೆಳಿಗ್ಗೆ ಹೊರಟ ಲಾರಿ ಏರು ಹತ್ತುತ್ತ ಹತ್ತುತ್ತ ಆ ತಿರುವಿಗೆ ಬಂದದ್ದೇ ಒಂದೆರಡು ಸಲ ಬಿಕ್ಕಿ ತಣ್ಣಗಾಗುತ್ತಿತ್ತು. ಕಾರಣ ಎಲ್ಲರಿಗೂ ಗೊತ್ತು: ಹಳೆಯ ಪಂಪು ಎಂಜಿನ್ನಿಗೇ ಅಂಟಿಕೊಂಡು ಕೂತಿದೆ, ಎಂಜಿನ್ನು ಕಾದರೆ ಅದೂ ಕಾಯುತ್ತದೆ, ಒಳಗಿನ ಪೆಟ್ರೋಲು ಆವಿಯಾಗುತ್ತದೆ, ಪಂಪು ಗಾಳಿ ಕುಡಿದು ಸುಮ್ಮನಾಗುತ್ತದೆ. ತಣ್ಣೀರು ಹುಯ್ದು ಹತ್ತು ನಿಮಿಷ ಕಾದರೆ ಮತ್ತೆ ಹೊರಡುತ್ತದೆ.

ಲಾರಿ ರಿಪೇರಿಯ ಮೇಸ್ತ್ರಿ ಗಿಲ್ದಾರ್ದೊ ಇದಕ್ಕೆ ಮಾಡದ ಮದ್ದಿಲ್ಲ. ಕೊಳವೆಯ ಉದ್ದಕ್ಕೂ ಬಟ್ಟೆ ಒಣಹಾಕುವ ಮರದ ಕ್ಲಿಪ್ಪು ಸಿಕ್ಕಿಸಿದ. ಪಂಪಿಗೆ ಒದ್ದೆಬಟ್ಟೆ ಸುತ್ತಿದ. ಹಸಿ ಬಾಳೆದಿಂಡು ಸೀಳಿ ಕಟ್ಟಿದ. ಪಂಪನ್ನೇ ಬದಲಾಯಿಸಿದ, ಅದೂ ಒಂದು ಸಲವಲ್ಲ. ಏನು ಮಾಡಿದರೂ ಪಾಲೋಮ ಅದೇ ತಿರುವಿನಲ್ಲಿ, ಅದೇ ಮನೆಯ ಮುಂದೆ ನಿಂತೇ ನಿಲ್ಲುತ್ತಿತ್ತು. ಇನ್ನೊಂದು ಲಾರಿಯ ಡ್ರೈವರ್ ತೂಲಿಯೊಗೆ ಅದೇ ದೊಡ್ಡ ತಮಾಷೆ. "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಮ್ ಮೇಸ್ತ್ರಿ ಬೆಟ್ಟ ಡೊಂಕು ಅಂತಾನೆ," ಎಂದು ಕಾಫಿ ಅಂಗಡಿಯಲ್ಲಿ ಎಲ್ಲರ ಮುಂದೆ ಆಡಿಕೊಳ್ಳುತ್ತಿದ್ದ.

ಒಮ್ಮೆ ಗಿಲ್ದಾರ್ದೊ ತಾನೇ ಲಾರಿ ಹತ್ತಿ ಕೂತು ನೋಡಿಯೂ ಬಂದಿದ್ದ. ಅವತ್ತು ಮಂಜು ಮುಸುಕಿ ಮೈ ನಡುಗುವಷ್ಟು ಚಳಿ. ಇವತ್ತು ನಿಲ್ಲುವುದಿಲ್ಲ ಎಂದುಕೊಂಡ. ನಿಂತಿತು. ಮನೆಯೊಳಗಿಂದ ಉದ್ದನೆಯ ಮುದುಕನೊಬ್ಬ ಬಕೆಟ್ ಹಿಡಿದು ಬಂದ. ಲಿಸಂದ್ರೊ ಬಾನೆಟ್ ಎತ್ತಿದ. ಮುದುಕ ನೀರು ಹುಯ್ದ. ಇಬ್ಬರೂ ಎಂಜಿನ್ನಿನ ಆಚೆಗೊಬ್ಬ ಈಚೆಗೊಬ್ಬ ನಿಂತು ಪಂಪನ್ನೇ ನೋಡುತ್ತಿದ್ದರು. ಒಂದು ಮಾತಿಲ್ಲ, ಕತೆಯಿಲ್ಲ. ಹತ್ತು ನಿಮಿಷದ ಮೇಲೆ ಲಿಸಂದ್ರೊ ಹ್ಯಾಟಿಗೆ ಬೆರಳು ಮುಟ್ಟಿಸಿ ಸೀಟು ಹತ್ತಿದ. ಮುದುಕ ಖಾಲಿ ಬಕೆಟ್ ಹಿಡಿದು ಒಳಗೆ ಹೋದ.

ಅವನೇ ಎವೇಲಿಯೊ, ಲಿಸಂದ್ರೊನ ಒಡಹುಟ್ಟಿದ ಅಣ್ಣ.

ಲಾರಿಯನ್ನು ಕೊಂಡದ್ದು ಇಬ್ಬರೂ ಸೇರಿ. ಒಂದೇ ಸ್ಟೀರಿಂಗಿಗೆ ಇಬ್ಬರು ಆಸೆಪಟ್ಟರೆ ಏನಾಗುತ್ತದೋ ಅದೇ ಆಯಿತು. ಎವೇಲಿಯೊ ಓಡಿಸಿದ ಒಂದು ದಿನ ಪಾಲೋಮ ಚರಂಡಿಗೆ ಇಳಿಯಿತು. ಯಾರಿಗೂ ಪೆಟ್ಟಾಗಲಿಲ್ಲ. ಆದರೆ ಸಂತೆಗೆ ಹೊರಟ ಜನರೆಲ್ಲ ನಿಂತು ನೋಡುತ್ತಿರುವಾಗ ತಮ್ಮ ಅಂದ: "ನಿನ್ ಕೈಗೆ ಹೇಸರಗತ್ತೆಯೇ ಸರಿ." ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು. ನಾನು ಸಾಯುವವರೆಗೆ ನಿನ್ನ ಲಾರಿ ಹತ್ತುವುದಿಲ್ಲ, ನಿನ್ನ ಜೊತೆ ಮಾತಾಡುವುದಿಲ್ಲ ಎಂದು ಅಣ್ಣ ಅವ್ವನ ತಲೆ ಮುಟ್ಟಿ ಆಣೆ ಇಟ್ಟ. ನಿನ್ನ ಅಂಗಳ ತುಳಿಯುವುದಿಲ್ಲ, ನಾನೂ ಮಾತಾಡುವುದಿಲ್ಲ ಎಂದು ತಮ್ಮನೂ ಇಟ್ಟ. ಅವ್ವ ಸತ್ತಳು, ಆಣೆ ಉಳಿಯಿತು. ಅವಳನ್ನು ಮಣ್ಣು ಮಾಡಿದ ದಿನವೂ ಇಬ್ಬರು ಗುಂಡಿಯ ಎರಡು ಬದಿಗೆ ನಿಂತಿದ್ದರಂತೆ.

ಆದರೆ ದಾರಿಗೆ ತನ್ನದೇ ಕಾನೂನಿದೆ. ಕೆಟ್ಟು ನಿಂತ ಗಾಡಿಗೆ ನೀರು ಕೊಡಲೇಬೇಕು. ನಿಂತವನು ಹಗೆಯಾದರೂ ಸರಿ, ಕೊಡದಿದ್ದವನಿಗೆ ಆ ಬೆಟ್ಟದಲ್ಲಿ ಯಾರೂ ನಮಸ್ಕಾರ ಹೇಳುವುದಿಲ್ಲ.

ಎವೇಲಿಯೊ ಕಾನೂನು ಪಾಲಿಸುತ್ತಿದ್ದಾನೆ ಎಂದುಕೊಂಡೇ ಗಿಲ್ದಾರ್ದೊ ಅಂದು ಮುಂದಕ್ಕೆ ಹೋದ. ಚಳಿಯಲ್ಲೂ ಆವಿ ಹೇಗೆ ಕಟ್ಟಿತು ಎನ್ನುವುದೊಂದೇ ಹುಳ ತಲೆಯಲ್ಲಿ ಉಳಿಯಿತು. ಕೊನೆಗೆ ಮೆದೆಯೀನ್ ಪಟ್ಟಣಕ್ಕೆ ಹೋದಾಗ ಅಂಗಡಿ ಅಂಗಡಿ ಸುತ್ತಿ ಆರು ವೋಲ್ಟಿನ ಕರೆಂಟು ಪಂಪೊಂದನ್ನು ಹುಡುಕಿ ತಂದ. ಎಂಜಿನ್ನಿನ ಬಿಸಿಯಿಂದ ದೂರ, ಟ್ಯಾಂಕಿನ ಬುಡದಲ್ಲಿ ಕೂತು ಪೆಟ್ರೋಲನ್ನು ಮುಂದಕ್ಕೆ ನೂಕುವಂಥದ್ದು. ಅದಿದ್ದರೆ ಆವಿಯ ಮಾತೇ ಇಲ್ಲ. ಲಿಸಂದ್ರೊ ಪೆಟ್ಟಿಗೆ ತೆರೆದು ನೋಡಿ, ಮುಚ್ಚಿ, ಹಿಂದಕ್ಕೆ ಕೊಟ್ಟಿದ್ದ.

"ಚೆನ್ನಾಗಿದೆ. ಇಟ್ಕೊಂಡಿರು."

"ಯಾಕೆ? ದಿನಾ ಅಲ್ಲಿ ನಿಲ್ಲೋದು ಅಷ್ಟು ಇಷ್ಟಾನಾ ನಿಂಗೆ?"

"ಪಾಲೋಮಂಗೂ ವಯಸ್ಸಾಯ್ತು ಕಣಯ್ಯ. ಸ್ವಲ್ಪ ಸುಧಾರಿಸ್ಕೊಳ್ಳಿ ಬಿಡು."

*

"ಮೇಸ್ತ್ರಿ, ಸೀಟಲ್ಲಿ ಕೂತು ಕನಸು ಕಾಣ್ತಿದೀಯಾ? ಗಂಟೆ ನೋಡು."

ತೂಲಿಯೊ ಕಾಫಿ ಲೋಟ ಹಿಡಿದು ಬಂದಿದ್ದ. ತೋಳಿಗೆ ಕಪ್ಪು ಪಟ್ಟಿ ಕಟ್ಟಿಕೊಂಡಿದ್ದ. ಕಣ್ಣು ಕೆಂಪಗಿದ್ದರೂ ನಾಲಿಗೆ ಸುಮ್ಮನಿರಲು ಒಪ್ಪಿರಲಿಲ್ಲ.

"ತೂಲಿಯೊ, ಲಿಸಂದ್ರೊ ಗಾಡಿ ಹತ್ತಿಸ್ತಾ ಎಡಗೈ ಕೆಳಗೆ ಬಿಡ್ತಿದ್ನಾ?"

"ಬಿಡ್ತಿದ್ದ. ಕಾರ್ಮೆನ್ ಮಾತೆ ಗುಡಿ ಹತ್ರ."

"ಅಲ್ಲೇ ಯಾಕೆ?"

"ಅಲ್ಲಿ ಬಲಗೈಲಿ ಹ್ಯಾಟು ತೆಗೆದು ನಮಸ್ಕಾರ ಮಾಡೋನು, ಎಡಗೈಲಿ ಸೀಟಿನ ಸಂದಿಯಲ್ಲಿರೋ ಜಪಮಾಲೆ ಮುಟ್ಟೋನು, ಸ್ಟೀರಿಂಗನ್ನ ಮೊಣಕಾಲಿಗೆ ಒಪ್ಪಿಸೋನು. ಜನ ಎಲ್ಲ ಆಹಾ ಎಂಥ ಭಕ್ತಿ ಅನ್ನೋರು. ನಂಗಂತೂ ಹಿಂದಿನಿಂದ ನೋಡಿದ್ರೆ ಜೀವ ಹೋಗೋದು." ತೂಲಿಯೊ ಹ್ಯಾಟು ತೆಗೆದು ಅಭಿನಯಿಸಿ ತೋರಿಸಿದ. "ಅಷ್ಟು ಭಕ್ತಿ ಮಾಡಿದ್ರೂ ಮಾತೆ ಮುಂದಿನ ತಿರುವಲ್ಲೇ ಕೈ ಕೊಡ್ತಿದ್ಲು ನೋಡು."

ಸೀಟಿನ ಸಂದಿಯಲ್ಲಿ ಜಪಮಾಲೆ ಇರಲಿಲ್ಲ. ನಲ್ಲಿ ಇತ್ತು.

ಗಿಲ್ದಾರ್ದೊ ಎಂಜಿನ್ ಚಾಲೂ ಮಾಡಿದ. ಎಡಗೈ ಇಳಿಬಿಟ್ಟು ನಲ್ಲಿ ತಿರುಗಿಸಿ ಮುಚ್ಚಿದ. ಪಾಲೋಮ ಏನೂ ಆಗದ ಹಾಗೆ ಗುಡುಗುಡು ಅನ್ನುತ್ತಲೇ ಇತ್ತು, ಕಾರ್ಬುರೇಟರಿನ ಬಟ್ಟಲಲ್ಲಿ ಉಳಿದ ಪೆಟ್ರೋಲು ಮುಗಿಯಬೇಕಲ್ಲ. ಒಳಗಿನ ಹೆಂಗಸರು ಜಪಮಾಲೆಯ ಒಂದು ಸುತ್ತಿನ ಹತ್ತು ಮಣಿ ಮುಗಿಸುವ ಹೊತ್ತಿಗೆ ಎಂಜಿನ್ನು ಒಂದೆರಡು ಸಲ ಬಿಕ್ಕಿ ಆರಿತು. ಅದೇ ಬಿಕ್ಕು. ಸುಮ್ಮನೆ ನಿಂತಾಗ ಇಷ್ಟು ಹೊತ್ತು. ಏರು ಹತ್ತುವಾಗ ಇದರ ಅರ್ಧವೂ ಬೇಡ. ಗುಡಿಯಿಂದ ನೀರಿನ ತಿರುವಿಗೆ ಸರಿಯಾಗಿ ಅಷ್ಟೇ ದೂರ.

ಅವನಿಗೆ ನಗು ಬಂತು. ತಡೆದುಕೊಳ್ಳಲು ನೋಡಿದ, ಆಗಲಿಲ್ಲ. ಹೊಟ್ಟೆ ಹಿಡಿದುಕೊಂಡು ನಕ್ಕ. ಮನೆಯ ಕಿಟಕಿಯಲ್ಲಿ ಇಬ್ಬರು ಹೆಂಗಸರು ತಲೆ ಹಾಕಿ ನೋಡಿ ಶಿಲುಬೆ ಬರೆದುಕೊಂಡರು. ಒಬ್ದುಲಿಯ ಬಾಗಿಲಿಗೆ ಬಂದಳು.

"ಆಯ್ತಾ, ಕೊಂಪಾದ್ರೆ?"

"ಇಲ್ಲ... ಪರೀಕ್ಷೆ ಮಾಡ್ತಿದ್ದೆ."

"ನಗ್ತಿದ್ರಾ?"

"ಕೆಮ್ಮು," ಎಂದ ತೂಲಿಯೊ. "ಮೇಸ್ತ್ರಿಗೆ ಪೆಟ್ರೋಲು ಗಂಟಲಿಗೆ ಹೋಯ್ತು."

ಅವಳು ಒಳಗೆ ಹೋದ ಮೇಲೆ ಗಿಲ್ದಾರ್ದೊನ ನಗು ನಿಂತು, ಆ ಜಾಗಕ್ಕೆ ಸಿಟ್ಟು ಬಂತು. ಕ್ಲಿಪ್ಪು, ಒದ್ದೆಬಟ್ಟೆ, ಬಾಳೆದಿಂಡು! ಒಂದೊಂದು ಸಲವೂ ಲಿಸಂದ್ರೊ ಪಕ್ಕದಲ್ಲಿ ನಿಂತು, "ಈ ಸಲ ಸರಿ ಹೋಗುತ್ತೆ ಅನ್ಸುತ್ತೆ," ಎಂದು ಬೆನ್ನು ತಟ್ಟುತ್ತಿದ್ದ. ಮಾರನೆಯ ದಿನ ಸಪ್ಪೆ ಮುಖ ಮಾಡಿಕೊಂಡು ಬಂದು, "ಮತ್ತೆ ನಿಂತ್ಕೊಂಡ್ತು ಕಣಯ್ಯ," ಎನ್ನುತ್ತಿದ್ದ. ಊರೆಲ್ಲ ಮೇಸ್ತ್ರಿಯನ್ನು ನೋಡಿ ನಕ್ಕಿತು, ಅವನು ನಗಲು ಬಿಟ್ಟ. ಗಿಲ್ದಾರ್ದೊ ಕೈ ಒರೆಸಿಕೊಂಡು ರಸ್ತೆ ದಾಟಿ, ಮೇಣದಬತ್ತಿಗಳ ನಡುವೆ ಹೋಗಿ ನಿಂತ. ಕಳ್ಳ ನನ್ನ ಮಗನೇ ಎಂದು ಮನಸ್ಸಿನಲ್ಲೇ ಬೈದ. ಎಣ್ಣೆ ಹಚ್ಚಿ ಬಾಚಿದ ತಲೆ, ಹೊಸ ಅಂಗಿ, ಮುಚ್ಚಿದ ಕಣ್ಣು. ಬೈಗುಳ ಅರ್ಧಕ್ಕೇ ನಿಂತುಹೋಯಿತು. ಈ ಮನುಷ್ಯನ ಮೇಲೆ ತನಗೆ ಎಷ್ಟು ಪ್ರೀತಿ ಇತ್ತು ಎನ್ನುವುದು ಆಗ ಅವನಿಗೆ ಗೊತ್ತಾಯಿತು.

ಅಣ್ಣನ ಮುಖ ನೋಡಲು ದಿನಾ ಲಾರಿಯನ್ನು ಕೊಲ್ಲುತ್ತಿದ್ದ. ಇದನ್ನು ಒಬ್ದುಲಿಯಳಿಗೆ ಹೇಗೆ ಹೇಳುವುದು? ಹಗೆಯ ಕಣ್ಣು ಬಿದ್ದಿದೆ ಎಂದು ಅವಳು ಹರಕೆ ಹೊತ್ತಿದ್ದಳು, ಲಾರಿಗೆ ತಾಯಿತ ಕಟ್ಟಿಸಿದ್ದಳು. ಗಂಡನ ಹೆಣದ ಮುಂದೆ, ನಿನ್ನ ಗಂಡ ಇಷ್ಟು ವರ್ಷ ನಿನಗೆ ನಾಟಕ ಆಡಿದ ಎಂದು ಯಾರು ಹೇಳುತ್ತಾರೆ? ಹೇಳದೆ ಇರುವುದೇ ಒಳ್ಳೆಯದು ಎಂದುಕೊಂಡ. ಅಲ್ಲದೆ ಮಾತು ಬೇರೆ ಕೊಟ್ಟಾಗಿತ್ತು.

ಕೆಲಸಕ್ಕೆ ಕೂತ. ಹಳೆಯ ಕೊಳವೆಯನ್ನು ನಲ್ಲಿಯ ಸಮೇತ ಕತ್ತರಿಸಿ ತೆಗೆದ. ಟ್ಯಾಂಕಿನ ಬುಡದಲ್ಲಿ, ಲಾರಿಯ ಚಾಸಿಗೆ ಎರಡು ರಬ್ಬರ್ ತುಂಡು ಕೊಟ್ಟು ಹೊಸ ಪಂಪನ್ನು ಬಿಗಿದ. ಬ್ಯಾಟರಿಯಿಂದ ವೈರು ಎಳೆದು, ನಡುವೆ ಫ್ಯೂಸು ಹಾಕಿ, ಚಾವಿಗೆ ಜೋಡಿಸಿದ. ಎಂಜಿನ್ನಿನ ಪಕ್ಕೆಯಿಂದ ಹಳೆಯ ಪಂಪನ್ನು ಬಿಚ್ಚಿದಾಗ ಅಲ್ಲೊಂದು ತೂತು ಉಳಿಯಿತು; ಒಂದು ತಗಡನ್ನು ಅದರ ಆಕಾರಕ್ಕೆ ಕತ್ತರಿಸಿ ಮುಚ್ಚಿದ. ಚಾವಿ ತಿರುಗಿಸಿದ. ಎಂಜಿನ್ನಿಗಿಂತ ಮೊದಲು ಪಂಪು ಎದ್ದಿತು: ಟಕಟಕಟಕ ಎಂದು ಅವಸರವಾಗಿ ಬಡಿದು, ಕಾರ್ಬುರೇಟರು ತುಂಬಿದ ಮೇಲೆ ಟಕ್... ಟಕ್... ಎಂದು ನಿಧಾನವಾಯಿತು.

"ಗಡಿಯಾರ ಇಟ್ಬಿಟ್ಯಲ್ಲೋ ಒಳಗೆ," ಎಂದ ತೂಲಿಯೊ.

*

ಹಿಂದಿನ ಬೆಂಚುಗಳನ್ನು ಕಿತ್ತು ಪೆಟ್ಟಿಗೆ ಇಟ್ಟರು. ಮಗಳು ಅದರ ಪಕ್ಕ ಕೂತಳು, ಒಬ್ದುಲಿಯ ಮುಂದೆ ಗಿಲ್ದಾರ್ದೊನ ಪಕ್ಕ. ಹಿಂದೆ ತೂಲಿಯೊನ ಲಾರಿ, ಅದರ ಹಿಂದೆ ಇನ್ನೂ ನಾಲ್ಕು. ಡ್ರೈವರ್ ಸತ್ತರೆ ಜೊತೆಯ ಡ್ರೈವರುಗಳು ಅಳುವುದು ಹಾರ್ನಿನಲ್ಲೇ. ರೆಮಾನ್ಸೊ ದಾಟುವವರೆಗೂ ಹಿಂದಿನ ಐದೂ ಲಾರಿಗಳು ಒಟ್ಟಿಗೆ ಕೂಗಿದವು. ಅಂಗಡಿಯವರು ಬಾಗಿಲು ಅರ್ಧ ಎಳೆದು ಹ್ಯಾಟು ತೆಗೆದು ನಿಂತರು.

ಪಾಲೋಮ ಏರು ಹತ್ತಿದ ರೀತಿಗೆ ಗಿಲ್ದಾರ್ದೊನಿಗೇ ಕಣ್ಣು ತುಂಬಿ ಬಂತು. ಒಂದು ಸಣ್ಣ ಬಿಕ್ಕೂ ಇಲ್ಲ. ಕಾರ್ಮೆನ್ ಮಾತೆಯ ಗುಡಿ ಬಂತು. ಒಬ್ದುಲಿಯ ಶಿಲುಬೆ ಬರೆದುಕೊಂಡಳು. ಗಿಲ್ದಾರ್ದೊ ಎರಡೂ ಕೈಯಿಂದ ಸ್ಟೀರಿಂಗ್ ಹಿಡಿದೇ ಇದ್ದ.

"ಇನ್ನೇನು, ಆ ತಿರುವು," ಎಂದಳು ಅವಳು. "ಜೋರಾಗಿ ಹೋಗಿ. ನಾಲ್ಕರೊಳಗೆ ಮುಟ್ಟಬೇಕು."

ತಿರುಗಿದಾಗ ಎವೇಲಿಯೊ ಕಾಣಿಸಿದ. ಒಗೆದ ಬಿಳಿ ಅಂಗಿ ಹಾಕಿ, ಕತ್ತಿನವರೆಗೆ ಗುಂಡಿ ಹಚ್ಚಿಕೊಂಡು, ಹ್ಯಾಟನ್ನು ಕಂಕುಳಲ್ಲಿ ಒತ್ತಿಕೊಂಡು ರಸ್ತೆಯ ಅಂಚಿನಲ್ಲಿ ನಿಂತಿದ್ದ. ಕೈಯಲ್ಲಿ ತುಂಬಿದ ಬಕೆಟ್. ಎಷ್ಟು ಹೊತ್ತಿನಿಂದ ನಿಂತಿದ್ದನೋ, ಭಾರಕ್ಕೆ ಒಂದು ಭುಜ ಇಳಿದುಹೋಗಿತ್ತು. ಹೆಣ ಇಟ್ಟ ಮನೆಗೆ ಅವನು ಬಂದಿರಲಿಲ್ಲ. ಬರುತ್ತಾನೆಂದು ಯಾರೂ ಕಾದೂ ಇರಲಿಲ್ಲ.

ಗಿಲ್ದಾರ್ದೊ ಬ್ರೇಕ್ ಒತ್ತಿದ.

"ಏನ್ ಮಾಡ್ತಿದೀರಿ?" ಒಬ್ದುಲಿಯಳ ದನಿ ಸೀಳಿತು. "ಮಾತು ಕೊಟ್ಟಿದ್ರಿ!"

"ಕೊಟ್ಟಿದ್ದೆ, ಕೊಮಾದ್ರೆ. ಲಾರಿ ನಿಂತಿಲ್ಲ, ಕೇಳಿ. ನಾನು ನಿಲ್ಲಿಸಿದೀನಿ."

ಎಂಜಿನ್ನು ಗುಡುಗುಡು ಅನ್ನುತ್ತಲೇ ಇತ್ತು. ಎವೇಲಿಯೊ ಅಭ್ಯಾಸಬಲದಿಂದ ನೇರವಾಗಿ ಬಾನೆಟ್ ಹತ್ತಿರ ಬಂದ. ಗಿಲ್ದಾರ್ದೊ ಇಳಿದು ಬಾನೆಟ್ ಎತ್ತಿದ. ಬಕೆಟ್ ಎತ್ತಲು ಹೊರಟ ಮುದುಕನ ಕೈ ಅಲ್ಲೇ ನಿಂತಿತು. ಪಂಪು ಇದ್ದ ಜಾಗದಲ್ಲಿ ಹೊಸ ತಗಡು.

"ಪಂಪು ಎಲ್ಲಿ?"

"ಹಿಂದೆ ಹಾಕಿದೀನಿ, ಟ್ಯಾಂಕಿನ ಬುಡದಲ್ಲಿ. ಕರೆಂಟಿಂದು."

"ಅದು ಕಾಯಲ್ವಾ?"

"ಕಾಯಲ್ಲ."

"ಹಾಗಾದ್ರೆ ಇನ್ಮೇಲೆ ಇಲ್ಲಿ ನಿಲ್ಲಲ್ಲ."

"ಇಲ್ಲ."

ಎವೇಲಿಯೊ ಬಕೆಟ್ಟನ್ನು ನೆಲಕ್ಕೆ ಇಟ್ಟ. ಹಿಂದಿನ ಲಾರಿಗಳೂ ಒಂದೊಂದಾಗಿ ನಿಂತವು. ಒಬ್ದುಲಿಯ ಸೀಟಿನಿಂದ ಇಳಿದು ಬಂದಿದ್ದಳು. ಅವಳ ಬಾಯಿಗೆ ಬಂದ ಮಾತು ಹೊರಬೀಳುವ ಮೊದಲೇ ಮುದುಕ ಗಿಲ್ದಾರ್ದೊನ ಕಡೆ ತಿರುಗಿ, ಮೇಸ್ತ್ರಿಯೊಬ್ಬ ಇನ್ನೊಬ್ಬ ಮೇಸ್ತ್ರಿಗೆ ಹೇಳುವ ಹಾಗೆ ಹೇಳಿದ:

"ಹಳೇದೂ ಕಾಯ್ತಿರ್ಲಿಲ್ಲ."

"ನಿಮಗೆ ಗೊತ್ತಿತ್ತಾ?"

"ಕಾದ ಪಂಪಿಗೆ ನೀರು ಹುಯ್ದ್ರೆ ಚುಯ್ ಅನ್ಬೇಕು. ಮೊದಲ್ನೇ ದಿನ ಅಂದಿತ್ತು. ಅವತ್ತು ನಿಜವಾಗ್ಲೂ ಕೆಟ್ಟು ನಿಂತಿದ್ದ. ನಾನು ನೀರು ತಂದೆ, ದಾರಿ ನ್ಯಾಯ ಅಲ್ವಾ. ಮಾರ್ನೇ ದಿನ ಮತ್ತೆ ನಿಂತ. ಹುಯ್ದೆ. ಚುಯ್ ಅನ್ಲಿಲ್ಲ. ಆಮೇಲೆ ಯಾವತ್ತೂ ಅನ್ಲಿಲ್ಲ."

"ಗೊತ್ತಿದ್ದೂ ಹುಯ್ತಿದ್ರಾ?" ಎಂದಳು ಒಬ್ದುಲಿಯ.

ಅವನು ಅವಳನ್ನು ನೋಡಲಿಲ್ಲ. "ಅವನು ನಿಲ್ಲಿಸ್ತಿದ್ದ. ನಾನು ಹುಯ್ತಿದ್ದೆ."

ಅವಳು ಗಿಲ್ದಾರ್ದೊನ ಮುಖ ನೋಡಿದಳು. ಅವನು ಹೇಳಲೇಬೇಕಾಯಿತು. ನಲ್ಲಿ ಎಲ್ಲಿತ್ತು, ಗುಡಿಯ ಹತ್ತಿರ ಎಡಗೈ ಯಾಕೆ ಇಳಿಯುತ್ತಿತ್ತು, ಎಲ್ಲ ನಾಲ್ಕು ಮಾತಿನಲ್ಲಿ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖದ ಬಿಗಿ ಸಡಿಲವಾಯಿತು. ಅವಳು ಲಾರಿಯ ಹಿಂಬದಿಗೆ ನಡೆದು ಹೋಗಿ ಪೆಟ್ಟಿಗೆಯ ಮೇಲೆ ಅಂಗೈಯಿಂದ ಒಂದು ಹೊಡೆದಳು.

"ನಂಗೊಬ್ಬಳಿಗೆ ಹೇಳಿದ್ರೆ ಏನಾಗ್ತಿತ್ತು ನಿಮ್ಗೆ? ಇಬ್ರಿಗೂ ಊಟ ಕಟ್ಟಿ ಕಳಿಸ್ತಿದ್ನಲ್ಲ! ಬರೀ ನೀರು ಹುಯ್ಕೊಂಡು ನಿಂತಿದ್ರಾ ಇಷ್ಟು ವರ್ಷ?"

ಜೋರಾಗಿ ಅತ್ತಳು. ಮಗಳು ಪೆಟ್ಟಿಗೆಯ ಆಚೆಯಿಂದ ಕೈ ಚಾಚಿ ಅವಳ ತಲೆ ಹಿಡಿದುಕೊಂಡಳು. ಸ್ವಲ್ಪ ಹೊತ್ತಿನ ಮೇಲೆ ಅವಳೇ ಮೂಗು ಒರೆಸಿಕೊಂಡು ಎವೇಲಿಯೊನ ಕಡೆ ತಿರುಗಿದಳು.

"ಹತ್ತಿ, ಭಾವ."

ಆ ಮಾತನ್ನು ಅವಳ ಬಾಯಲ್ಲಿ ಯಾರೂ ಕೇಳಿರಲಿಲ್ಲ. ಮುದುಕ ಲಾರಿಯ ಮೆಟ್ಟಿಲನ್ನು ನೋಡಿದ, ತಲೆ ಅಡ್ಡ ಆಡಿಸಿದ.

"ಹತ್ತೋ ಹಾಗಿಲ್ಲಮ್ಮ. ಅವ್ವನ ತಲೆ ಮುಟ್ಟಿದೀನಿ. ಅವನೂ ಕೊನೇವರ್ಗೂ ನನ್ ಅಂಗಳ ತುಳೀಲಿಲ್ಲ, ನೋಡಿದೀರಲ್ಲ. ಗಾಡಿ ನಿಲ್ಲಿಸಿದ್ರೂ ಟೈರು ರಸ್ತೆ ಮೇಲೇ ಇರ್ತಿತ್ತು. ನೀವು ಹೊರಡಿ. ನಾನು ನಡ್ಕೊಂಡು ಬರ್ತೀನಿ."

ಮೊಂತೆಫ್ರೀಯೊ ಇನ್ನೂ ಎರಡು ಬೆಟ್ಟ ಮೇಲಿತ್ತು. ಅವನು ನಡೆದು ಬರುವಷ್ಟರಲ್ಲಿ ಗುಂಡಿ ಮುಚ್ಚಿ, ಹೂವು ಬಾಡಿರುತ್ತದೆ. ಇದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಅವನಿಗೂ ಗೊತ್ತಿತ್ತು.

"ಕೊಂಪಾದ್ರೆ, ಈ ಗಾಡಿ ಮನುಷ್ಯ ನಡೆದಷ್ಟೇ ಮೆಲ್ಲಗೆ ಹತ್ತುತ್ತಾ?" ಎಂದಳು ಒಬ್ದುಲಿಯ.

ಗಿಲ್ದಾರ್ದೊ ಯೋಚಿಸಿದ. ಹಳೆಯ ಪಂಪಾಗಿದ್ದರೆ ಈ ಬಿಸಿಲಲ್ಲಿ, ಈ ಏರಿನಲ್ಲಿ, ಗಾಳಿ ತಾಗದ ಆ ನಿಧಾನಕ್ಕೆ ಮುಂದಿನ ತಿರುವಿನೊಳಗೆ ನಿಜವಾಗಿಯೂ ಆವಿ ಕಟ್ಟಿ ಸತ್ತೇ ಹೋಗುತ್ತಿತ್ತು. ಈ ಬೆಟ್ಟವನ್ನು ಯಾವ ಲಾರಿಯೂ ನಡಿಗೆಯ ವೇಗದಲ್ಲಿ ಹತ್ತಿಲ್ಲ.

"ನೋಡೋಣ," ಎಂದ.

ಮೊದಲ ಗೇರು ಹಾಕಿ, ಕ್ಲಚ್ಚನ್ನು ಉಸಿರು ಬಿಟ್ಟಷ್ಟು ಮೆಲ್ಲಗೆ ಬಿಟ್ಟ. ಪಾಲೋಮ ಮುಂದಕ್ಕೆ ಜರುಗಿತು. ಕನ್ನಡಿಯಲ್ಲಿ ಎವೇಲಿಯೊ ಕಂಡ: ಪೆಟ್ಟಿಗೆ ಇದ್ದ ಕಡೆ ಲಾರಿಯ ಮರದ ಮೈಮೇಲೆ ಅಂಗೈ ಊರಿ ನಡೆಯುತ್ತಿದ್ದ. ಮುಟ್ಟುವುದಿಲ್ಲ ಎಂದು ಆಣೆ ಇಟ್ಟಿರಲಿಲ್ಲವಲ್ಲ. ಆಚೆಬದಿಯಲ್ಲಿ ಒಬ್ದುಲಿಯ. ಆಮೇಲೆ ಮಗಳು ಇಳಿದಳು. ಹಿಂದಿನ ಲಾರಿಗಳಿಂದಲೂ ಜನ ಒಬ್ಬೊಬ್ಬರಾಗಿ ಇಳಿದು, ಮಕ್ಕಳನ್ನು ಹೆಗಲ ಮೇಲೆ ಹೊತ್ತು ನಡೆಯತೊಡಗಿದರು. ತೂಲಿಯೊನ ಲಾರಿ ಮುಂದಿನ ತಿರುವಿನಲ್ಲೇ ಬಿಕ್ಕಿ ನಿಂತಿತು. ಅವನು ಅದನ್ನು ಪಕ್ಕಕ್ಕೆ ಹಾಕಿ ಏದುಸಿರು ಬಿಡುತ್ತ ಓಡಿ ಬಂದ.

"ಮೇಸ್ತ್ರಿ, ನಂದು ಕಾದು ಹೋಯ್ತು! ಹೀಗೆ ಹೋದ್ರೆ ಕತ್ತಲಾಗುತ್ತೆ. ಪಾದ್ರಿ ಹೊರಟೇ ಬಿಡ್ತಾರೆ."

"ಹೋಗ್ಲಿ," ಎಂದಳು ಒಬ್ದುಲಿಯ ಆಚೆಯಿಂದ. "ಭಾನುವಾರ ಬಂದು ಹೇಳ್ಲಿ ಪ್ರಾರ್ಥನೆ. ಇವರಿಗೇನು ಇನ್ನು ಅವಸರ ಇಲ್ಲ."

ಗಿಲ್ದಾರ್ದೊ ಕಿವಿಯನ್ನು ಸೀಟಿನ ಕೆಳಕ್ಕೆ ಕೊಟ್ಟು ಕೂತ. ಎಂಜಿನ್ನಿನ ಬಿಸಿ ಕಾಲಿಗೆ ಹೊಡೆಯುತ್ತಿತ್ತು. ಪಂಪು ಟಕ್ ಟಕ್ ಅನ್ನುತ್ತಲೇ ಇತ್ತು. ಒಬ್ದುಲಿಯ ಬೇಗ ಬೇಗ ಹೆಜ್ಜೆ ಹಾಕಿ ಅವನ ಪಕ್ಕಕ್ಕೆ ಬಂದಳು.

"ಇನ್ನೊಂಚೂರು ಮೆಲ್ಲಗೆ, ಕೊಂಪಾದ್ರೆ. ಭಾವಂಗೆ ಮಂಡಿ ನೋವು."

ಅವನು ಕಾಲು ಇನ್ನಷ್ಟು ಹಿಂದಕ್ಕೆ ತೆಗೆದ. ವೇಗ ತೋರಿಸುವ ಮುಳ್ಳು ಸೊನ್ನೆಯ ಮೇಲೆ ಹೋಗಿ ಕೂತಿತು. ಲಾರಿ ಹತ್ತುತ್ತಲೇ ಇತ್ತು.